ಕುಡಿತ ಬಿಟ್ಟವರ ಸಭೆ: ಮಂಡ್ಯ, ಮದ್ದೂರು, ಮಳವಳ್ಳಿಯವರು ಹುಡುಕುವುದು ಹೇಗೆ?

ಮಂಡ್ಯ, ಮದ್ದೂರು, ಮಳವಳ್ಳಿ ಪಟ್ಟಣಗಳಲ್ಲಿ ಮದ್ಯದಂಗಡಿ ಎಲ್ಲಿದೆಯೆಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಫಲಕವಿದೆ, ದೀಪವಿದೆ, ತೆರೆಯುವ ಮುಚ್ಚುವ ವೇಳೆ ನಿಗದಿಯಾಗಿದೆ. ಕುಡಿತ ಬಿಡಲು ನೆರವಾಗುವ ಸಭೆ ಎಲ್ಲಿ ಸೇರುತ್ತದೆ ಎಂಬುದನ್ನು ಮಾತ್ರ ಕೇಳಿಯೇ ತಿಳಿಯಬೇಕು. ತಾಲ್ಲೂಕು ಕೇಂದ್ರವೊಂದರಲ್ಲಿ ಹಾಗೆ ಕೇಳುವುದು ಸುಲಭವಲ್ಲ. ಔಷಧದಂಗಡಿಯವರು ಊರಿನವರೇ, ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ನೆಂಟರ ಪೈಕಿ, ಬಸ್ ನಿಲ್ದಾಣದಲ್ಲಿ ಎದುರಾಗುವವರು ಹಾಲಿನ ಸೊಸೈಟಿಯ ಸದಸ್ಯರು. ಕುಡಿಯುವುದು ಊರಿಗೆಲ್ಲ ಗೊತ್ತಿದ್ದರೂ ಬಿಡಲು ಹೊರಟಿರುವುದು ಗೊತ್ತಾಗಬಾರದೆಂಬ ವಿಚಿತ್ರ ಸಂಕೋಚವೊಂದು ಅನೇಕರನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತದೆ.

ಈ ತಡೆಯ ಬೆಲೆ ಸಣ್ಣದಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 2.9 ಕೋಟಿಯಷ್ಟು ಮಂದಿ ಅದಿಲ್ಲದೆ ಇರಲಾರದ ಸ್ಥಿತಿ ತಲುಪಿದ್ದಾರೆ ಎಂದು ಅದು ಅಂದಾಜಿಸಿತು. ಹಾಗೆ ವ್ಯಸನಿಗಳಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಮಂಡ್ಯ ಕಬ್ಬಿನ ಸೀಮೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೇ ಮದ್ಯಸಾರದ ಮೂಲವಸ್ತು ಎಂಬುದು ಇಲ್ಲಿನವರಿಗೆ ಹೊಸ ವಿಷಯವಲ್ಲ. ರಾಜ್ಯದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು. ಅಂಗಡಿಯಲ್ಲಿ ಸಾರಾಯಿ ಇಲ್ಲವಾಯಿತೇ ಹೊರತು ಅದನ್ನು ಬಯಸುತ್ತಿದ್ದ ದೇಹ ಮನೆಯಲ್ಲೇ ಇತ್ತು. ಅಗ್ಗದ ಬ್ರಾಂದಿ, ವಿಸ್ಕಿಯ ಪೊಟ್ಟಣಗಳು ಆ ಜಾಗಕ್ಕೆ ಬಂದವು. ಸರಬರಾಜನ್ನು ನಿಲ್ಲಿಸುವುದು ಒಂದು ಕೆಲಸ, ಕುಡಿಯುತ್ತಿದ್ದವನನ್ನು ನಿಲ್ಲಿಸಿಕೊಳ್ಳುವುದು ಬೇರೆಯೇ ಕೆಲಸ. ಸಭೆಗಳು ಇರುವುದು ಈ ಎರಡನೆಯದಕ್ಕೆ.

ಹೋಟೆಲಿನ ದೂರವಾಣಿಯಿಂದ ಆರಂಭವಾದದ್ದು

ಇಂತಹ ಸಭೆಗಳಲ್ಲಿ ಜಗತ್ತಿಗೆಲ್ಲ ಪರಿಚಿತವಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಬಳಕೆಯಲ್ಲಿ ‘ಎ.ಎ.’. ಅದರ ಹುಟ್ಟೇ ಒಂದು ಹುಡುಕಾಟದ ಕಥೆ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಒಹಾಯೊ ರಾಜ್ಯದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಹೋಗಿದ್ದರು. ಬಂದ ಕೆಲಸ ಕೆಟ್ಟಿತು. ಅವರು ಕುಡಿತ ಬಿಟ್ಟು ಐದು ತಿಂಗಳಷ್ಟೇ ಆಗಿತ್ತು. ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ನಿಂತಿದ್ದ ಅವರಿಗೆ ಒಂದು ಬದಿಯ ಬಾರಿನಿಂದ ನಗುವಿನ ಸದ್ದು ಕೇಳುತ್ತಿತ್ತು, ಇನ್ನೊಂದು ಬದಿಯಲ್ಲಿ ದೂರವಾಣಿಯೂ ಊರಿನ ಚರ್ಚುಗಳ ಪಟ್ಟಿಯೂ ಇದ್ದವು. ಮತ್ತೊಬ್ಬ ಕುಡುಕನೊಡನೆ ಮಾತಾಡದಿದ್ದರೆ ತಾನು ಉಳಿಯಲಾರೆನೆಂದು ತಿಳಿದ ವಿಲ್ಸನ್ ಪಾದ್ರಿಯೊಬ್ಬರಿಗೆ ಕರೆ ಮಾಡಿದರು. ಅಲ್ಲಿಂದ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತ ಹೋಗಿ, ಮರುದಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಅವರ ಭೇಟಿಯಾಯಿತು. ಹದಿನೈದು ನಿಮಿಷ ಸಾಕೆಂದು ಬಂದಿದ್ದ ವೈದ್ಯರು ಗಂಟೆಗಟ್ಟಲೆ ಕುಳಿತರು. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಎ.ಎ. ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ. ಭಾರತದಲ್ಲಿ ಅದರ ಸಭೆಗಳು 1957ರಲ್ಲಿ ಆರಂಭವಾದವು.

ಎ.ಎ. ಸಭೆಗೆ ಸೇರಲು ಶುಲ್ಕವಿಲ್ಲ, ಅರ್ಜಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವದ ಅರ್ಹತೆ. ಹೆಸರು ಹೇಳಲೇಬೇಕೆಂದಿಲ್ಲ, ಹೇಳಿದರೂ ಮೊದಲ ಹೆಸರು ಸಾಕು. ಅಲ್ಲಿ ಕಂಡವರ ಹೆಸರನ್ನಾಗಲಿ ಕೇಳಿದ ಮಾತನ್ನಾಗಲಿ ಹೊರಗೆ ಒಯ್ಯುವಂತಿಲ್ಲ. ಕೊಠಡಿಯ ಬಾಡಿಗೆ, ಚಹಾ, ಪುಸ್ತಕದ ಖರ್ಚು ಸದಸ್ಯರೇ ಹಾಕುವ ಚಿಲ್ಲರೆ ಕಾಣಿಕೆಯಿಂದ ನಡೆಯುತ್ತದೆ. ಹೊರಗಿನ ದೇಣಿಗೆಯನ್ನು ಸಂಸ್ಥೆ ಸ್ವೀಕರಿಸುವುದಿಲ್ಲ.

ನವಜೀವನ ಸಮಿತಿಯ ಬಗೆ

ಕರ್ನಾಟಕದ ಹಳ್ಳಿಗಳಲ್ಲಿ ಬೇರೂರಿರುವ ಇನ್ನೊಂದು ಬಗೆಯ ಸಭೆ ಸ್ವರೂಪದಲ್ಲಿ ಇದಕ್ಕೆ ತೀರ ಭಿನ್ನ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾಯಿತು. ಸಾಲ ಮಾಡಿ ತಂದ ಹಣ ಮನೆಯ ಗಂಡಸಿನ ಕುಡಿತಕ್ಕೆ ಸೋರಿಹೋಗುತ್ತಿದ್ದರೆ ಯಾವ ಅಭಿವೃದ್ಧಿಯೂ ನಿಲ್ಲದೆಂಬ ಅನುಭವದಿಂದ 1992ರಲ್ಲಿ ಜನಜಾಗೃತಿ ವೇದಿಕೆ ರೂಪುಗೊಂಡಿತು. ಅದರ ಆಶ್ರಯದಲ್ಲಿ ರಾಜ್ಯದ ಉದ್ದಗಲಕ್ಕೂ ಮದ್ಯವರ್ಜನ ಶಿಬಿರಗಳು ನಡೆದಿವೆ. ಸಾಮಾನ್ಯವಾಗಿ ಎಂಟು ದಿನಗಳ ಶಿಬಿರ. ಊರಿನ ಕಲ್ಯಾಣಮಂಟಪ ಅಥವಾ ಸಮುದಾಯ ಭವನದಲ್ಲಿ ವಾಸ. ಊರಿನ ಪ್ರಮುಖರದೇ ವ್ಯವಸ್ಥಾಪನಾ ಸಮಿತಿ. ವೈದ್ಯಕೀಯ ತಪಾಸಣೆ, ಆಪ್ತಸಲಹೆ, ಯೋಗ, ಭಜನೆ, ಗುಂಪು ಚರ್ಚೆಗಳು ದಿನಚರಿಯಲ್ಲಿರುತ್ತವೆ. ಮನೆಯವರನ್ನೂ ಕರೆಸಿ ಮಾತಾಡಿಸುತ್ತಾರೆ. ಶಿಬಿರ ಮುಗಿಸಿದವರು ತಂತಮ್ಮ ಊರಿನಲ್ಲಿ ‘ನವಜೀವನ ಸಮಿತಿ’ಯಾಗಿ ಸೇರುತ್ತಾರೆ. ಮೊದಲೇ ಬಿಟ್ಟವರು ಹೊಸದಾಗಿ ಬಿಟ್ಟವರ ಜತೆ ಕುಳಿತು ಮಾತಾಡುವ ಈ ಸಮಿತಿಯೇ ಶಿಬಿರದ ನಿಜವಾದ ಉತ್ತರಾರ್ಧ.

ಎ.ಎ. ಗುಟ್ಟನ್ನು ಕಾಯುತ್ತದೆ, ನವಜೀವನ ಸಮಿತಿ ಊರನ್ನು ಸಾಕ್ಷಿಯಾಗಿ ನಿಲ್ಲಿಸುತ್ತದೆ. ಒಂದರಲ್ಲಿ ಪತ್ರಿಕೆಗೆ ಮುಖ ತೋರಿಸುವಂತಿಲ್ಲ. ಇನ್ನೊಂದರಲ್ಲಿ ಸಮಾರೋಪದ ದಿನ ವೇದಿಕೆಯಿದೆ, ಹೆಂಡತಿ ಮಕ್ಕಳು ಎದುರಿಗಿರುತ್ತಾರೆ, ಗಾಂಧಿ ಜಯಂತಿಯಂದು ನವಜೀವನ ಸದಸ್ಯರ ಸಮಾವೇಶವೂ ಉಂಟು. ಯಾವುದು ಮೇಲೆಂಬ ಪ್ರಶ್ನೆಗೆ ಅರ್ಥವಿಲ್ಲ. ಯಾರಿಗೆ ಯಾವುದು ಎಂಬುದೇ ಮುಖ್ಯ. ಊರಲ್ಲೇ ದುಡಿದು ಊರಲ್ಲೇ ಬಾಳಬೇಕಾದ, ಕುಡಿತದಿಂದ ಸಾಲ ಮತ್ತು ಮರ್ಯಾದೆ ಎರಡನ್ನೂ ಕಳೆದುಕೊಂಡ ರೈತನಿಗೆ ಊರಿನ ಎದುರು ಎದ್ದು ನಿಲ್ಲುವುದೇ ಔಷಧವಾಗಬಹುದು. ಶಾಲೆಯ ಶಿಕ್ಷಕರಿಗೆ, ಬಸ್ ಚಾಲಕರಿಗೆ, ಗುಟ್ಟಾಗಿ ಕುಡಿಯುವ ಗೃಹಿಣಿಗೆ ಅದೇ ವೇದಿಕೆ ಭಯ ಹುಟ್ಟಿಸಬಹುದು. ಮಹಿಳೆಯರ ಪಾಡು ಇಲ್ಲಿ ಇನ್ನೂ ಕಠಿಣ. ಶಿಬಿರಗಳು ಬಹುಮಟ್ಟಿಗೆ ಗಂಡಸರಿಗಾಗಿಯೇ ರೂಪುಗೊಂಡಿವೆ. ಅಂಥವರು ಮೈಸೂರು ಅಥವಾ ಬೆಂಗಳೂರಿನ ಅನಾಮಿಕ ಸಭೆಗೋ ದೂರವಾಣಿ ಆಪ್ತಸಲಹೆಗೋ ಮೊರೆಹೋಗುವುದು ಹೆಚ್ಚು ಕಾರ್ಯಸಾಧ್ಯ.

ಎರಡರ ಬಗ್ಗೆಯೂ ಒಂದೊಂದು ತಪ್ಪು ತಿಳಿವಳಿಕೆ ಇದೆ. ಎ.ಎ. ಸಭೆಗಳು ಅನೇಕ ಕಡೆ ಚರ್ಚಿನ ಅಥವಾ ಕ್ರೈಸ್ತ ಶಾಲೆಯ ಕೊಠಡಿಯಲ್ಲಿ ಸೇರುವುದರಿಂದ ಅದು ಮತಪ್ರಚಾರವೆಂದು ಕೆಲವರು ಹಿಂಜರಿಯುತ್ತಾರೆ. ಕೊಠಡಿ ಸುಲಭ ಬಾಡಿಗೆಗೆ ಸಿಗುವ ಕಾರಣಕ್ಕಷ್ಟೇ ಅಲ್ಲಿ ಸೇರುವುದು, ಎ.ಎ. ಯಾವ ಮತಕ್ಕೂ ಪಂಥಕ್ಕೂ ಸೇರಿದ್ದಲ್ಲ. ಅದರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ನಿಜ, ಆದರೆ ಅದು ತಾನು ಅರಿತಂತಹ ದೇವರು. ನವಜೀವನ ಸಮಿತಿಯಾದರೆ ಒಂದು ಕ್ಷೇತ್ರದ ಭಕ್ತರಿಗಷ್ಟೇ ಎಂಬ ಭಾವನೆ ಇದೆ. ಅದೂ ಸರಿಯಲ್ಲ. ಭಜನೆ, ಪ್ರಾರ್ಥನೆಗಳ ವಾತಾವರಣ ತನಗೆ ಒಗ್ಗುವುದೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಮಾತ್ರ ಒಳ್ಳೆಯದು.

ಸಭೆಗೆ ಮುನ್ನ ವೈದ್ಯರು

ವರ್ಷಗಟ್ಟಲೆ ದಿನವೂ ಕುಡಿದವರು ಮನಸ್ಸು ಗಟ್ಟಿ ಮಾಡಿ ಒಂದು ಬೆಳಗ್ಗೆ ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಮೆದುಳು ಮದ್ಯಕ್ಕೆ ಹೊಂದಿಕೊಂಡು ಸದಾ ಬಿಗುವಿನಲ್ಲಿ ಕೆಲಸ ಮಾಡಲು ಕಲಿತಿರುತ್ತದೆ. ಮದ್ಯ ಇದ್ದಕ್ಕಿದ್ದಂತೆ ಇಲ್ಲವಾದಾಗ ಆ ಬಿಗುವು ಕಡಿವಾಣವಿಲ್ಲದೆ ಹೊರಬರುತ್ತದೆ. ಮೊದಲ ದಿನ ಕೈನಡುಕ, ಬೆವರು, ವಾಂತಿ, ನಿದ್ರಾಹೀನತೆ. ಫಿಟ್ಸ್ ಬರುವ ಸಂಭವ ಮೊದಲ ಎರಡು ದಿನಗಳಲ್ಲಿ ಹೆಚ್ಚು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ದಿಕ್ಕು ತಿಳಿಯದು, ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ. ಮನೆಯವರು ಗಾಳಿ ಸೋಂಕಿತೆಂದೋ ಹುಚ್ಚು ಹಿಡಿಯಿತೆಂದೋ ಭಾವಿಸಿ ತಾಯಿತದ ಹಿಂದೆ ಹೋದರೆ ಜೀವಕ್ಕೇ ಎರವಾಗಬಹುದು. ಇದು ವೈದ್ಯಕೀಯ ತುರ್ತುಸ್ಥಿತಿ. 108ಕ್ಕೆ ಕರೆ ಮಾಡಬೇಕು. ಹಿಂದೆ ಕುಡಿತ ನಿಲ್ಲಿಸಿದಾಗ ಒಮ್ಮೆಯಾದರೂ ಫಿಟ್ಸ್ ಬಂದಿದ್ದವರು ಆಸ್ಪತ್ರೆಯ ಹೊರಗೆ ಪ್ರಯತ್ನಿಸಲೇಬಾರದು.

ಸರಿಯಾದ ಔಷಧದೊಂದಿಗೆ ಈ ಘಟ್ಟವನ್ನು ಸಾಮಾನ್ಯವಾಗಿ ಒಂದು ವಾರದೊಳಗೆ ದಾಟಿಸಬಹುದು. ಜತೆಗೆ ಬಿ1 ಜೀವಸತ್ವ, ಅಂದರೆ ಥಯಮಿನ್, ಕೊಡಬೇಕಾಗುತ್ತದೆ. ಊಟ ಬಿಟ್ಟು ಕುಡಿದವರಲ್ಲಿ ಇದರ ಕೊರತೆ ನೆನಪಿನ ಶಕ್ತಿಯನ್ನು ಶಾಶ್ವತವಾಗಿ ಕೆಡಿಸಬಲ್ಲುದು. ಮಂಡ್ಯದಲ್ಲಿ 2005ರಲ್ಲಿ ಸ್ಥಾಪನೆಯಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮಿಮ್ಸ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮದ್ದೂರು, ಮಳವಳ್ಳಿಯವರಿಗೆ ತಾಲ್ಲೂಕು ಆಸ್ಪತ್ರೆಯೇ ಮೊದಲ ಬಾಗಿಲು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯಕೀಯ ಸೇವೆ ದೊರಕಿಸುವ ಉದ್ದೇಶದಿಂದ ರಾಜ್ಯ ಆರೋಗ್ಯ ಇಲಾಖೆ 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮ ಆರಂಭಿಸಿತು. ಯಾವ ಮಂಗಳವಾರ ತಜ್ಞರು ಬರುತ್ತಾರೆಂದು ಮುಂಚಿತವಾಗಿ ಕೇಳಿಕೊಂಡು ಹೋಗಬೇಕು. ಯಕೃತ್ತಿನ ತೊಂದರೆ, ಪದೇಪದೇ ಮರುಕಳಿಸುವ ಕುಡಿತ, ಜತೆಗೆ ಖಿನ್ನತೆ ಇದ್ದವರನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುವುದುಂಟು.

ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಬಹುದಾದ ಔಷಧದ ಜಾಹೀರಾತುಗಳು ಗೋಡೆಗಳ ಮೇಲೂ ಬಸ್ಸುಗಳ ಹಿಂದೆಯೂ ಕಾಣುತ್ತವೆ. ಅದರಿಂದ ದೂರವಿರಬೇಕು. ಡೈಸಲ್ಫಿರಾಂನಂತಹ ಮಾತ್ರೆ ದೇಹದಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ರೋಗಿ ಅರಿತು, ಒಪ್ಪಿ, ವೈದ್ಯರ ನಿಗಾದಲ್ಲಿ ಸೇವಿಸಬೇಕಾದ ಔಷಧವದು.

ಈ ಘಟ್ಟದಲ್ಲೇ ಬಹುಪಾಲು ಪ್ರಯತ್ನಗಳು ಮುರಿದುಬೀಳುತ್ತವೆ. ವಾರದ ಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ನಡುಕ ನಿಂತಿರುತ್ತದೆ, ಹಸಿವು ಮರಳಿರುತ್ತದೆ, ಎಲ್ಲವೂ ಮುಗಿಯಿತೆನಿಸುತ್ತದೆ. ಮುಂದಿನ ಹಬ್ಬಕ್ಕೋ ಬೀಗರೂಟಕ್ಕೋ ಕಬ್ಬಿನ ಬಿಲ್ಲು ಕೈಗೆ ಬಂದ ಸಂಜೆಗೋ ಮತ್ತೆ ಮೊದಲಿನಂತಾಗುತ್ತದೆ. ದೇಹದಿಂದ ಮದ್ಯ ಇಳಿಸುವುದು ವೈದ್ಯರ ಕೆಲಸ, ಅನಂತರದ ಸಂಜೆಗಳನ್ನು ದಾಟಿಸುವುದು ಸಭೆಯ ಕೆಲಸ. ಈ ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಬಿಡದೆ, ಆಸ್ಪತ್ರೆಯಿಂದ ಬಂದ ವಾರವೇ ಮೊದಲ ಸಭೆಗೆ ಹೋಗಬೇಕು. ಸಭೆಯ ವಿಳಾಸವನ್ನು ಆಸ್ಪತ್ರೆಯಲ್ಲಿರುವಾಗಲೇ ಹುಡುಕಿಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿ. ಎ.ಎ. ಮಾದರಿಯ ಕುರಿತು 27 ಅಧ್ಯಯನಗಳನ್ನೂ ಅವುಗಳಲ್ಲಿ ಭಾಗವಹಿಸಿದ್ದ 10,565 ಜನರ ಮಾಹಿತಿಯನ್ನೂ ಪರಿಶೀಲಿಸಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆ, ಎ.ಎ.ಗೆ ಜೋಡಿಸುವ ವ್ಯವಸ್ಥಿತ ಚಿಕಿತ್ಸೆಗಳು ಪೂರ್ಣ ಪಾನವರ್ಜನದ ವಿಷಯದಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಉತ್ತಮ ಫಲ ನೀಡುತ್ತವೆಂದು ಕಂಡುಕೊಂಡಿತು.

ವಿಳಾಸ ತಿಳಿಯುವ ದಾರಿ

ಸಭೆಗಳ ದಿನ, ವೇಳೆ, ಕೊಠಡಿ ಬದಲಾಗುತ್ತಿರುತ್ತವೆ. ಹಳೆಯ ಕರಪತ್ರದ ವಿಳಾಸ ನಂಬಿ ಹೋಗಿ, ಬೀಗ ಹಾಕಿದ ಬಾಗಿಲು ಕಂಡು ಹಿಂದಿರುಗಿದವರು ಎರಡನೆಯ ಬಾರಿ ಹೊರಡುವುದು ಅಪರೂಪ. ಆದ್ದರಿಂದ ಅದೇ ವಾರ ದೂರವಾಣಿಯಲ್ಲಿ ಖಚಿತಪಡಿಸಿಕೊಂಡೇ ಹೊರಡಬೇಕು. ಎ.ಎ. ಭಾರತ ಶಾಖೆಯ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ. ಅದರ ಅಂತರ್ಜಾಲ ತಾಣದ ಮೂಲಕ ಊರುವಾರು ಸಭೆಗಳನ್ನು ವಿಚಾರಿಸಬಹುದು. ಕರೆ ಸ್ವೀಕರಿಸುವವರೂ ಸಾಮಾನ್ಯವಾಗಿ ಕುಡಿತ ಬಿಟ್ಟ ಸದಸ್ಯರೇ. ಮೂರು ವಿಷಯ ಕೇಳಿಕೊಂಡರೆ ಸಾಕು: ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಮನೆಯವರೂ ಬರಬಹುದಾದ ಮುಕ್ತ ಸಭೆಯೇ ಅಥವಾ ವ್ಯಸನಿಗಳಿಗೆ ಮಾತ್ರವೇ, ಮೊದಲ ದಿನ ಬಸ್ ನಿಲ್ದಾಣದಲ್ಲಿ ಯಾರಾದರೂ ಜತೆಯಾಗುವರೇ. ಮೂರನೆಯದನ್ನು ಕೇಳಲು ನಾಚಬೇಕಿಲ್ಲ. ಹೊಸಬರನ್ನು ಕರೆತರುವುದು ಅವರ ಕಾರ್ಯಕ್ರಮದ ಭಾಗವೇ ಆಗಿದೆ.

ನವಜೀವನ ಸಮಿತಿಯ ವಿಚಾರ ತಿಳಿಯಲು ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿಯನ್ನೋ ಹಳ್ಳಿಯ ಸೇವಾಪ್ರತಿನಿಧಿಯನ್ನೋ ಕಾಣಬೇಕು. ಯೋಜನೆಯ ಸ್ವಸಹಾಯ ಸಂಘದಲ್ಲಿ ಮನೆಯ ಹೆಂಗಸರು ಯಾರಾದರೂ ಇದ್ದರೆ ಮುಂದಿನ ಶಿಬಿರ ಎಲ್ಲಿ, ಯಾವಾಗ ಎಂಬುದು ಅವರಿಗೆ ಮೊದಲೇ ತಿಳಿದಿರುತ್ತದೆ. ಎಷ್ಟೋ ಮನೆಗಳಲ್ಲಿ ಗಂಡನ ಹೆಸರು ಬರೆಸುವುದೂ ಅವರೇ.

ಊರಿನಲ್ಲಿ ಯಾರನ್ನೂ ಕೇಳಲಾಗದವರಿಗೆ ಎರಡು ಉಚಿತ ಸಂಖ್ಯೆಗಳಿವೆ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ. ಇಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತಾಡಬಹುದು.

ಪ್ರಯಾಣದ ಲೆಕ್ಕವನ್ನೂ ಹಾಕಬೇಕು. ಸಭೆಗಳು ಹೆಚ್ಚಾಗಿ ಸಂಜೆ ಸೇರುತ್ತವೆ. ಮಂಡ್ಯ ಮತ್ತು ಮದ್ದೂರಿನವರಿಗೆ ಬೆಂಗಳೂರು–ಮೈಸೂರು ರೈಲು ಅನುಕೂಲ. ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ. ಮಾತ್ರ. ಬಸ್ಸಿನಲ್ಲಿ ಹೋಗುವವರು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಎರಡೂ ಪಟ್ಟಣಗಳನ್ನು ಬಳಸಿ ಹೋಗುತ್ತದೆಂಬುದನ್ನು ಮರೆಯಬಾರದು. ತಡೆರಹಿತ ಬಸ್ ಹತ್ತಿದರೆ ಇಳಿಯುವುದು ಎಲ್ಲೋ ಆದೀತು. ಮಳವಳ್ಳಿಗೆ ರೈಲಿಲ್ಲ. ಅಲ್ಲಿಯವರಿಗೆ ಬನ್ನೂರು ಮಾರ್ಗವಾಗಿ ಮೈಸೂರು, ಕನಕಪುರ ಮಾರ್ಗವಾಗಿ ಬೆಂಗಳೂರು. ರಾತ್ರಿಯ ಕೊನೆಯ ಬಸ್ ತಪ್ಪಿದರೆ ಮರುವಾರ ಹೋಗುವ ಉತ್ಸಾಹವೂ ತಪ್ಪುತ್ತದೆ. ಇಂಥವರಿಗೆ ಕೋವಿಡ್ ಕಾಲದಲ್ಲಿ, 2020ರಿಂದ ವ್ಯಾಪಕವಾದ ಆನ್‌ಲೈನ್ ಸಭೆಗಳು ವರವಾಗಿವೆ. ತೋಟದ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ, ಬೇಕಿದ್ದರೆ ಮುಖ ತೋರಿಸದೆಯೇ ಕೇಳಬಹುದು. ಪಕ್ಕದಲ್ಲಿ ಒಬ್ಬ ಮನುಷ್ಯ ಕುಳಿತಿರುವ ಸಮಾಧಾನವನ್ನು ಅವು ಕೊಡಲಾರವು. ಆದ್ದರಿಂದ ತಿಂಗಳಿಗೊಮ್ಮೆಯಾದರೂ ನೇರ ಸಭೆಗೆ ಹೋಗುವುದು ಮೇಲು.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ವಿಷಯದಲ್ಲಿ ಎಚ್ಚರ ಅಗತ್ಯ. 2018ರ ಮೇನಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಒಳಗೊಂಡಿದೆ. ಅಂತಹ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರ ನೋಂದಣಿ ಪಡೆದಿರಬೇಕು, ಸರಪಳಿ ಹಾಕಿ ಕಟ್ಟುವಂತಿಲ್ಲ. ನೋಂದಣಿ ಪತ್ರ ತೋರಿಸಲು ಒಪ್ಪದ, ತಿಂಗಳುಗಟ್ಟಲೆ ಮನೆಯವರ ಭೇಟಿಗೆ ಬಿಡದ ಜಾಗಕ್ಕೆ ಯಾರನ್ನೂ ಸೇರಿಸಬಾರದು.

ಮೊದಲ ಸಂಜೆ

ಎ.ಎ. ಸಭೆ ಒಂದರಿಂದ ಒಂದೂವರೆ ಗಂಟೆ. ಕಿರುಪ್ರಾರ್ಥನೆ ಅಥವಾ ಮೌನ, ಆಮೇಲೆ ಹೆಜ್ಜೆಗಳ ವಾಚನ, ಅನಂತರ ಒಬ್ಬೊಬ್ಬರ ಅನುಭವ. ಮಾತಾಡುವವರನ್ನು ನಡುವೆ ತಡೆಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬರು ಸುಮ್ಮನೆ ಕುಳಿತು ಕೇಳಬಹುದು. ಊರಿನ ಪಂಚಾಯಿತಿಗೂ ಮನೆಯ ರಾತ್ರಿಯ ಜಗಳಕ್ಕೂ ಒಗ್ಗಿದ ಕಿವಿಗೆ ಈ ತೀರ್ಪಿಲ್ಲದ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಮೊದಲ ಸಭೆ ಹಿಡಿಸದೆ ಹೋಗುವುದೂ ಸಹಜ. ಐದಾರು ಸಭೆಗಳಿಗೆ ಹೋಗದೆ, ಸಾಧ್ಯವಾದರೆ ಇನ್ನೊಂದು ಗುಂಪನ್ನೂ ನೋಡದೆ, ಇದು ನಮಗಲ್ಲವೆಂದು ತೀರ್ಮಾನಿಸಬಾರದು. ನಡುವೆ ಮತ್ತೆ ಕುಡಿದವರಿಗೆ ಬಾಗಿಲು ಮುಚ್ಚುವುದಿಲ್ಲ. ಆದರೆ ಕುಡಿದು ಬಂದವರು ಮಾತಾಡದೆ ಕುಳಿತಿರಬೇಕೆಂಬ ಪದ್ಧತಿ ಅನೇಕ ಗುಂಪುಗಳಲ್ಲಿದೆ.

ಕುಡಿಯುವವರು ಸಭೆಗೆ ಬರಲೊಪ್ಪದಿದ್ದರೂ ಮನೆಯವರು ಕಾಯುತ್ತ ಕೂರಬೇಕಾಗಿಲ್ಲ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಸಂಗಡಿಗರೊಡನೆ ರೂಪಿಸಿದ ಅಲ್-ಅನಾನ್, ವ್ಯಸನಿಗಳ ಕುಟುಂಬದವರಿಗಾಗಿಯೇ ಇರುವ ಪ್ರತ್ಯೇಕ ಬಳಗ. ಸಾಲ ತೀರಿಸುವುದು, ಕೆಲಸಕ್ಕೆ ಬಾರದ ದಿನ ಜ್ವರವೆಂದು ಸುಳ್ಳು ಹೇಳುವುದು, ಬಾಟಲಿ ಬಚ್ಚಿಡುವುದು – ಇವು ಯಾವುವೂ ಕುಡಿತವನ್ನು ನಿಲ್ಲಿಸವೆಂಬುದನ್ನು ಅಲ್ಲಿ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಹದಿಹರೆಯದ ಮಕ್ಕಳಿಗೆ ಅಲಟೀನ್ ಎಂಬ ಬಳಗವಿದೆ.

ಹತ್ತಿರದಲ್ಲಿ ಸಭೆಯೇ ಇಲ್ಲದಿದ್ದರೆ? ಎ.ಎ. ಸಂಪ್ರದಾಯದಂತೆ ಕುಡಿತ ಬಿಡಲೆಂದು ಇಬ್ಬರು ಮೂವರು ಸೇರಿದರೂ ಅದು ಒಂದು ಗುಂಪೇ. ಕಚೇರಿಯ ಅಪ್ಪಣೆ ಬೇಕಿಲ್ಲ. ಮೈಸೂರಿಗೋ ಬೆಂಗಳೂರಿಗೋ ಆರು ತಿಂಗಳು ಓಡಾಡಿ ಕುಡಿತ ಬಿಟ್ಟಿರುವ ಮಳವಳ್ಳಿಯ ಒಬ್ಬರು, ಮದ್ದೂರಿನ ಇನ್ನೊಬ್ಬರು ಸೇರಿದರೆ ಸಾಕು. ವಾರಕ್ಕೊಂದು ಸಂಜೆ ಬಿಟ್ಟುಕೊಡುವ ಶಾಲಾ ಕೊಠಡಿ, ನಾಲ್ಕು ಕುರ್ಚಿ, ಒಂದು ಫ್ಲಾಸ್ಕ್ ಚಹಾ ಬೇಕು. ಬಸ್ಸಿನ ವೇಳೆ ನೋಡಿ ಸಭೆಯ ಸಮಯ ಗೊತ್ತುಮಾಡಿ, ಅದನ್ನು ಹತ್ತಿರದ ಎ.ಎ. ಕಚೇರಿಗೆ ತಿಳಿಸಿದರೆ ಸಭೆಗಳ ಪಟ್ಟಿಗೆ ಆ ಊರಿನ ಹೆಸರು ಸೇರುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಒಂದು ಚೀಟಿ ಬರೆದುಕೊಟ್ಟರೆ, ಮುಂದಿನ ಮಂಗಳವಾರ ಬರುವ ರೋಗಿಗೆ ಅವರು ಅದೇ ವಿಳಾಸ ಹೇಳಬಹುದು.